ಸಂಗ್ರಹವೂ ಧಾರಣೆಯೂ

ಮರೆವು ಮಾನವನಿಗೆ ಸಹಜವಾದುದು. ಮನದಲ್ಲಿ ಮೂಡಿದ ಸದ್ವಿಚಾರವು ಅಳಿಯದಿರಲೆಂದು ಬರೆದಿಡುವ ಪ್ರಯತ್ನವೂ ಬಹು ಪುರಾತನವಾದುದು. ಶ್ರುತವು ನಶಿಸಿಹೋದೀತೆಂಬ ಕಳವಳದಿಂದ ಗಿರಿನಗರದ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರು ಪುಷ್ಪದಂತ-ಭೂತಬಲಿಗಳಿಗೆ ಆಗಮಜ್ಞಾನವನ್ನು ಧಾರೆಯೆರೆದರು. ಆ ಶಿಷ್ಯರಿಂದ ಷಟ್ಖಂಡಾಗಮವು ರಚಿತವಾಯಿತು. ಶ್ರುತಪಂಚಮಿಯು ಇದರ ಸ್ಮರಣೆಯೇ ಆಗಿದೆ. ಅಲ್ಲಿ ಬರವಣಿಗೆಯು ಸಂಗ್ರಹದ ಆಸೆಯಿಂದ ಹುಟ್ಟಿದುದಲ್ಲ, ಮುಂದಿನ ಪೀಳಿಗೆಯ ಮೇಲಣ ಕರುಣೆಯಿಂದ ಹುಟ್ಟಿದುದು.

ಇಂದು ಬರೆದಿಡುವ ಕಾರ್ಯಕ್ಕೆ ವಿದ್ಯುನ್ಮಾನ ಟಿಪ್ಪಣಿ ಪುಸ್ತಕವು ಬಂದಿದೆ. ಇಂತಹ ಸಾಧನದ ಕಲ್ಪನೆಯನ್ನು ಅಮೆರಿಕದ ವಿಜ್ಞಾನಿ ವನೆವರ್ ಬುಷ್ 1945ರಲ್ಲಿಯೇ ಒಂದು ಲೇಖನದಲ್ಲಿ ಮುಂದಿಟ್ಟಿದ್ದರು. 'ಮೆಮೆಕ್ಸ್' ಎಂದು ಅವರು ಹೆಸರಿಟ್ಟ, ಮೇಜಿನಂತಹ ಆ ಯಂತ್ರದಲ್ಲಿ ಗ್ರಂಥಗಳೂ ಪತ್ರಗಳೂ ಮೈಕ್ರೋಫಿಲ್ಮ್ ರೂಪದಲ್ಲಿ ಅಡಕವಾಗಿರಬೇಕು. ಒಂದು ವಿಚಾರವನ್ನು ಮತ್ತೊಂದರೊಡನೆ ಜೋಡಿಸುವ ಜಾಡುಗಳನ್ನು ಓದುಗನೇ ರಚಿಸಿಕೊಳ್ಳಬೇಕು. ಆ ಯಂತ್ರವು ನಿರ್ಮಾಣವಾಗಲಿಲ್ಲ. ಆದರೆ ಅದರ ಬಹುಪಾಲು ಕೆಲಸವನ್ನು ಈಗ ಅಂಗೈಯ ಮೊಬೈಲೇ ಮಾಡುತ್ತದೆ. ಶ್ರಾವಕನು ಪ್ರವಚನವನ್ನು ಧ್ವನಿಮುದ್ರಿಸುತ್ತಾನೆ, ಗ್ರಂಥದ ಪುಟದ ಚಿತ್ರ ತೆಗೆಯುತ್ತಾನೆ, ಬೇಕಾದ ಶಬ್ದವನ್ನು ಕ್ಷಣದಲ್ಲಿ ಹುಡುಕುತ್ತಾನೆ. ಹೀಗಿದ್ದರೂ ಒಂದು ಪ್ರಶ್ನೆ ಉಳಿಯುತ್ತದೆ: ಇಟ್ಟುಕೊಂಡುದೆಲ್ಲವೂ ತಿಳಿದುಕೊಂಡುದಾಯಿತೇ?

ಮತಿಜ್ಞಾನಕ್ಕೆ ಅವಗ್ರಹ, ಈಹಾ, ಅವಾಯ, ಧಾರಣಾ ಎಂಬ ನಾಲ್ಕು ಹಂತಗಳನ್ನು ತತ್ತ್ವಾರ್ಥಸೂತ್ರವು ಹೇಳುತ್ತದೆ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಇದಕ್ಕೆ ಸುಲಭವಾದ ನಿದರ್ಶನವನ್ನು ಕೊಟ್ಟಿದ್ದಾರೆ. ಬಿಳಿಯದೊಂದು ಕಂಡಿತೆಂಬುದು ಅವಗ್ರಹ. ಅದು ಬೆಳ್ಳಕ್ಕಿಯೋ ಪತಾಕೆಯೋ ಎಂದು ಅರಿಯಬಯಸುವುದು ಈಹಾ. ರೆಕ್ಕೆಯ ಬಡಿತವನ್ನು ಕಂಡು ಬೆಳ್ಳಕ್ಕಿಯೇ ಎಂದು ನಿಶ್ಚಯಿಸುವುದು ಅವಾಯ. ನಿಶ್ಚಯಿಸಿದುದನ್ನು ಕಾಲಾಂತರದಲ್ಲಿಯೂ ಮರೆಯದಿರುವುದು ಧಾರಣಾ. ಇಂದಿನ ಸಾಧನವು ಬಿಳಿಯದು ಕಂಡೊಡನೆಯೇ ಅದನ್ನು ಉಗ್ರಾಣಕ್ಕೆ ಸೇರಿಸುತ್ತದೆ. ನಡುವಣ ಎರಡು ಮೆಟ್ಟಿಲುಗಳು ಅಲ್ಲಿಲ್ಲ. ಯಂತ್ರದಲ್ಲಿ ಉಳಿದ ಮಾತ್ರಕ್ಕೆ ಅದು ಧಾರಣೆಯಾಗದು; ಧಾರಣೆಯು ಆತ್ಮನ ಗುಣ, ಪುದ್ಗಲದ ಗುಣವಲ್ಲ.

ಆದುದರಿಂದ ಆದರ್ಶ ಟಿಪ್ಪಣಿ ಪುಸ್ತಕವು ಈ ನಾಲ್ಕು ಹಂತಗಳ ಮಾದರಿಯಲ್ಲಿಯೇ ರೂಪುಗೊಳ್ಳಬೇಕು. ವಿಚಾರವನ್ನು ದಾಖಲಿಸುವುದು ಸುಲಭವಿರಲಿ. ಅದರೊಡನೆ ಯಾರ ಮಾತು, ಎಲ್ಲಿಯದು, ಎಂದಿನದು ಎಂಬುದೂ ನಿಲ್ಲಲಿ. ಪರರ ಮಾತು ಕಾಲಕ್ರಮದಲ್ಲಿ ತನ್ನದೆಂಬಂತೆ ತೋರಿದರೆ ಅಚೌರ್ಯಕ್ಕೆ ಕುಂದು. ಪ್ರತಿ ಟಿಪ್ಪಣಿಯ ಬಳಿ ಸಂದೇಹವನ್ನು ಬರೆಯಲು ಸ್ಥಳವಿರಲಿ. ಅದಕ್ಕೆ ವಿರುದ್ಧವಾದ ಅಭಿಪ್ರಾಯವನ್ನೂ ಪಕ್ಕದಲ್ಲಿಯೇ ಜೋಡಿಸುವಂತಿರಲಿ. ಅನೇಕಾಂತದ ಅಭ್ಯಾಸವು ಇಲ್ಲಿಂದಲೇ ತೊಡಗಬಹುದು. ಬಳಿಕ ತನ್ನ ನಿಶ್ಚಯವನ್ನು ಸ್ವಂತ ಮಾತಿನಲ್ಲಿ ಬರೆಯದ ಹೊರತು ಆ ಟಿಪ್ಪಣಿಯು ಅಪೂರ್ಣವೆಂದೇ ತೋರಲಿ. ಪ್ರತಿಕ್ರಮಣದಂತೆ ನಿಯತಕಾಲಕ್ಕೆ ಹಳೆಯ ಟಿಪ್ಪಣಿಗಳನ್ನು ಅದು ಮತ್ತೆ ಮುಂದಿಡಲಿ. ಬೇಡವಾದುದನ್ನು ತ್ಯಜಿಸುವುದೂ ಕೂಡಿಸುವಷ್ಟೇ ಸುಲಭವಾಗಿರಲಿ.

ಜ್ಞಾನಸಂಗ್ರಹವು ಪರಿಗ್ರಹವಾಗಲು ಹೇಗೆ ಸಾಧ್ಯ, ದಿಗಂಬರ ಮುನಿಗಳಿಗೂ ಶಾಸ್ತ್ರವು ಜ್ಞಾನೋಪಕರಣವಾಗಿ ವಿಹಿತವಲ್ಲವೇ ಎಂದು ಕೇಳಬಹುದು. ವಿಹಿತವೇ ಸರಿ. ಆದರೆ ಪರಿಗ್ರಹವು ವಸ್ತುವಿನಲ್ಲಿಲ್ಲ, ಅದರ ಮೇಲಣ ಮೂರ್ಛೆಯಲ್ಲಿದೆ. ಶಾಸ್ತ್ರವು ಸ್ವಾಧ್ಯಾಯಕ್ಕಾಗಿ ಇರುವತನಕ ಉಪಕರಣ. ಓದದೆ ಕೂಡಿಟ್ಟು 'ನನ್ನದು' ಎಂದೊಡನೆ ಪರಿಗ್ರಹ. ಸಾವಿರ ಟಿಪ್ಪಣಿಗಳುಳ್ಳವನು ತನ್ನನ್ನೇ ಪರೀಕ್ಷಿಸಿಕೊಳ್ಳಲಿ: ಈ ದಿನ ಅವೆಲ್ಲವೂ ಅಳಿಸಿಹೋದರೆ ತನ್ನ ನಡತೆಯಲ್ಲಿ ಉಳಿಯುವುದೆಷ್ಟು? ಏನೂ ಉಳಿಯದಿದ್ದರೆ ಅವನು ಕಾವಲುಗಾರನೇ ಹೊರತು ಜ್ಞಾನಿಯಲ್ಲ.

ಕೊನೆಯ ಗುಣವು ದಾನ. ಧವಲಾ ಟೀಕೆಯ ತಾಳೆಗರಿಗಳು ಮೂಡುಬಿದಿರೆಯ ಬಸದಿಯಲ್ಲಿ ಶತಮಾನಗಳ ಕಾಲ ಭದ್ರವಾಗಿದ್ದವು. ಆ ರಕ್ಷಣೆಗೆ ಸಮಾಜವು ಋಣಿ. ಆದರೆ 1939ರಿಂದ ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಅದು ಮುದ್ರಣಗೊಳ್ಳತೊಡಗಿದ ಮೇಲೆಯೇ ದೂರದ ಅಭ್ಯಾಸಿಗಳಿಗೂ ಕೈಗೆಟುಕಿತು. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬ ಕೀರ್ತಿಯೂ ಇದನ್ನೇ ಸಾರುತ್ತದೆ. ಶಾಸ್ತ್ರಭಂಡಾರಗಳನ್ನು ಗಣಕಯಂತ್ರಕ್ಕೆ ಇಳಿಸುವ ಬಸದಿಯ ಟ್ರಸ್ಟುಗಳೂ, ಮನೆಯ ಹಿರಿಯರ ಮಾತುಗಳನ್ನು ದಾಖಲಿಸುವ ಕುಟುಂಬಗಳೂ ಅವು ಒಂದೇ ಯಂತ್ರಕ್ಕೆ, ಒಂದೇ ಗುಪ್ತಪದಕ್ಕೆ ಕಟ್ಟುಬೀಳದಂತೆ ನೋಡಿಕೊಳ್ಳುವುದು ಉಚಿತ. ತನ್ನಲ್ಲಿ ಆಚರಣೆಯಾಗಿ, ಪರರಲ್ಲಿ ದಾನವಾಗಿ ಹರಿದ ವಿಚಾರವಷ್ಟೇ ನಿಜವಾಗಿ ಉಳಿದ ವಿಚಾರ.