ಹಾಡು ಯಾರ ಪರ ಸಾಕ್ಷಿ ಹೇಳುತ್ತದೆ?

ಕೆಲವು ವರ್ಷಗಳ ಹಿಂದೆ ಕೆಲಸ ಸಿಕ್ಕಿ ಬೇರೆ ಊರಿಗೆ ಹೊರಟಾಗ, ನನ್ನನ್ನು ನಂಬಿಕೊಂಡಿದ್ದ ಒಬ್ಬರಿಗೆ ನಾನು ಕಾರಣ ಹೇಳಲಿಲ್ಲ. ಒಂದು ಹಾಡಿನ ಲಿಂಕ್ ಕಳಿಸಿದೆ, ಅಷ್ಟೇ. ಅದು ಅಲೆಮಾರಿಯ ಹಾಡು, ತುಂಬ ಚೆನ್ನಾಗಿತ್ತು. ನಾನು ಹೇಳಬೇಕಾದ್ದನ್ನೆಲ್ಲ ಅದೇ ಹೇಳಿಬಿಟ್ಟಿದೆ ಎಂದುಕೊಂಡು ನೆಮ್ಮದಿಯಿಂದ ಬಸ್ಸು ಹತ್ತಿದೆ. ಆ ನೆಮ್ಮದಿಯ ಮೇಲೆ ಅನುಮಾನ ಹುಟ್ಟಿದ್ದು ಬಹಳ ತಡವಾಗಿ, ಅದೂ ನಗಿಸಲೆಂದು ಮಾಡಿದ ಸಿನಿಮಾವೊಂದರ ಹಾಡುಗಳನ್ನು ಕೇಳುತ್ತಿದ್ದಾಗ.

ಸಿನಿಮಾ 2017ರಲ್ಲಿ ಬಂದ, ಜೇಮ್ಸ್ ಗನ್ ನಿರ್ದೇಶನದ ‘ಗಾರ್ಡಿಯನ್ಸ್ ಆಫ್ ದಿ ಗ್ಯಾಲಕ್ಸಿ ವಾಲ್ಯೂಮ್ 2’. ಅದರ ಆಲ್ಬಂ ‘ಆಸಮ್ ಮಿಕ್ಸ್ ವಾಲ್ಯೂಮ್ 2’. ಅದರಲ್ಲಿರುವ 14 ಹಾಡುಗಳಲ್ಲಿ ಕೊನೆಯದೊಂದೇ ಹೊಸದು. ಉಳಿದವು ಹಳೆಯವು, ಹೆಚ್ಚಿನವು 1970ರ ದಶಕದವು. ಕಥಾನಾಯಕ ಪೀಟರ್ ಹುಡುಗನಾಗಿದ್ದಾಗಲೇ ತಾಯಿ ಮೆದುಳಿನ ಗೆಡ್ಡೆಯಿಂದ ತೀರಿಕೊಂಡಿದ್ದಾಳೆ. ತನಗೆ ಇಷ್ಟವಾದ ಹಾಡುಗಳನ್ನು ಕ್ಯಾಸೆಟ್ಟಿಗೆ ತುಂಬಿ ಮಗನಿಗೆ ಬಿಟ್ಟುಹೋಗಿದ್ದಾಳೆ. ಅಂತರಿಕ್ಷದ ಯಾವ ಮೂಲೆಯಲ್ಲಿದ್ದರೂ ಅವನ ಬಳಿ ಒಂದು ವಾಕ್‌ಮನ್ ಇರುತ್ತದೆ.

ಆ ಹಾಡುಗಳಲ್ಲೊಂದು ‘ಬ್ರ್ಯಾಂಡಿ’. ಎಲಿಯಟ್ ಲೂರಿ ಬರೆದು, ‘ಲುಕಿಂಗ್ ಗ್ಲಾಸ್’ ತಂಡ ಹಾಡಿದ ಇದು 1972ರ ಆಗಸ್ಟಿನಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನಕ್ಕೇರಿತ್ತು. ಬಂದರಿನ ಬಾರಿನಲ್ಲಿ ಕೆಲಸ ಮಾಡುವ ಹುಡುಗಿ ಒಬ್ಬ ನಾವಿಕನನ್ನು ಪ್ರೀತಿಸುತ್ತಾಳೆ. ಅವನು ಅವಳನ್ನು ಮೆಚ್ಚುತ್ತಾನೆ, ಆದರೆ ಸಮುದ್ರವನ್ನು ಬಿಡಲಾರ.

ಸಿನಿಮಾದಲ್ಲಿ ಪೀಟರನ ತಂದೆ ಈಗೋ ಮನುಷ್ಯನ ರೂಪ ತಳೆದ ಒಂದು ಗ್ರಹ. ಎಷ್ಟೋ ವರ್ಷಗಳ ನಂತರ ಮಗನೆದುರು ಬಂದವನು ಇದೇ ಹಾಡನ್ನು ವಿವರಿಸುತ್ತಾನೆ: ನೀನೂ ನಾನೂ ಆ ನಾವಿಕನಂತೆ, ನಮಗೆ ದೊಡ್ಡ ಕರೆಯಿದೆ, ಒಬ್ಬ ಹೆಣ್ಣಿಗಾಗಿ ದಡದಲ್ಲಿ ನಿಲ್ಲಲಾಗದು. ಪೀಟರ್ ಕರಗುತ್ತಾನೆ. ಹಾಡು ತಾಯಿಯದಲ್ಲವೇ? ಅವಳೇ ತಂದೆಯನ್ನು ಕ್ಷಮಿಸಿದಂತೆ ಅವನಿಗೆ ಅನಿಸಿರಬೇಕು. ಆಮೇಲೆ ಈಗೋ ಬಾಯಿ ತಪ್ಪಿ ನಿಜ ಹೇಳುತ್ತಾನೆ. ಅವಳ ತಲೆಯಲ್ಲಿ ಗೆಡ್ಡೆ ಇಟ್ಟವನು ಅವನೇ. ಮೂರು ಸಲ ಅವಳನ್ನು ನೋಡಲು ಬಂದಿದ್ದ. ಇನ್ನೊಮ್ಮೆ ಬಂದರೆ ಹೊರಡಲಾರೆನೆಂದು ಹೆದರಿದ್ದ.

ಹಾಗಾದರೆ ಹಾಡು ಸುಳ್ಳು ಹೇಳಿತೇ? ಇಲ್ಲ. ಹಾಡಿನ ನಾವಿಕ ತಾನು ಉಳಿಯುವವನಲ್ಲ ಎಂದು ಹುಡುಗಿಗೆ ನೇರವಾಗಿ ಹೇಳಿರುತ್ತಾನೆ. ಈಗೋ ಅವನಿಂದ ಹೊರಡುವುದನ್ನು ಎರವಲು ಪಡೆದ, ನಿಜ ಹೇಳುವುದನ್ನು ಪಡೆಯಲಿಲ್ಲ. ಇನ್ನೊಂದು ಮಾತು: ಹಾಡಿಗೆ ಹೆಸರು ಕೊಟ್ಟವಳು ಹುಡುಗಿ. ನಾವಿಕನಿಗೆ ಅದರಲ್ಲಿ ಹೆಸರೇ ಇಲ್ಲ. ಬಾರು ಮುಚ್ಚಿದ ಮೇಲೆ ಒಬ್ಬಳೇ ನಡೆದುಹೋಗುವವಳ ಕಥೆಯನ್ನು ಅವನು ಹೊರಟುಹೋದವನ ಕಥೆಯಾಗಿ ಓದಿದ.

ಆದರೂ ಇಲ್ಲಿಗೇ ನಿಲ್ಲಿಸಿದರೆ ಹಾಡಿನ ಮೇಲೆ ಪಕ್ಷಪಾತ ತೋರಿಸಿದಂತೆ. ಹಾಡು ಇಂಪಾಗಿದೆ, ಎಲ್ಲಕ್ಕಿಂತ ಇಂಪಾಗಿರುವುದು ನಾವಿಕನ ಮಾತು ಬರುವ ಪಲ್ಲವಿಯೇ. ನಾನು ಗುನುಗುವುದೂ ಅದನ್ನೇ, ಹುಡುಗಿಯ ರಾತ್ರಿಯನ್ನಲ್ಲ. ಬಿಟ್ಟುಹೋಗುವವರ ಮಾತಿಗೆ ರಾಗ ಬೇಗ ಒಲಿಯುತ್ತದೆ. ಹೀಗಾಗಿ ಹಾಡನ್ನು ನ್ಯಾಯಾಧೀಶನ ಕುರ್ಚಿಯಲ್ಲಿ ಕೂರಿಸುವುದು ಅಪಾಯ. ಅದು ಸಾಕ್ಷಿ ಮಾತ್ರ. ಸಾಕ್ಷಿಯ ಮಾತನ್ನು ಪೂರ್ತಿ ಕೇಳಬೇಕು, ನಮಗೆ ಬೇಕಾದ ಸಾಲು ಬಂದ ಕೂಡಲೇ ಸಾಕು ಎನ್ನಬಾರದು.

ಈಗೋ ಕೊನೆಗೆ ವಾಕ್‌ಮನ್ನನ್ನು ಕೈಯಲ್ಲೇ ಹಿಸುಕಿ ಪುಡಿಮಾಡುತ್ತಾನೆ. ಹಾಡಿನಿಂದ ಅವನಿಗೆ ಆಗಬೇಕಾದ ಕೆಲಸ ಮುಗಿದಿತ್ತು. ಪೀಟರನನ್ನು ನಿಜವಾಗಿ ಬೆಳೆಸಿದವನು ಯೊಂಡು, ನೀಲಿ ಮೈಯ ಒರಟು ದರೋಡೆಕೋರ. ಅವನು ಹುಡುಗನಿಗೆ ಯಾವ ಹಾಡಿನ ಅರ್ಥವನ್ನೂ ಬಿಡಿಸಿ ಹೇಳಿದವನಲ್ಲ. ತನ್ನ ಪ್ರಾಣ ಕೊಟ್ಟು ಅವನನ್ನು ಉಳಿಸುತ್ತಾನೆ. ಅವನು ಸತ್ತ ಮೇಲೆ, ಅವನು ಪೀಟರನಿಗಾಗಿ ಹುಡುಕಿ ತೆಗೆದಿಟ್ಟಿದ್ದ ‘ಝೂನ್’ ಎಂಬ ಪುಟ್ಟ ಯಂತ್ರ ಪೀಟರನ ಕೈಸೇರುತ್ತದೆ. ಅದರಲ್ಲಿ 300 ಹಾಡುಗಳು. ಆಗ ಕೇಳಿಬರುವುದು ಕ್ಯಾಟ್ ಸ್ಟೀವನ್ಸ್ 1970ರಲ್ಲಿ ಹಾಡಿದ ‘ಫಾದರ್ ಅಂಡ್ ಸನ್’. ಅದರಲ್ಲಿ ಉಳಿ ಎನ್ನುವ ತಂದೆಗೂ ಹೊರಡುತ್ತೇನೆ ಎನ್ನುವ ಮಗನಿಗೂ ಒಬ್ಬನೇ ಗಾಯಕ ದನಿ ಬದಲಿಸಿ ಹಾಡುತ್ತಾನೆ. ಒಂದೇ ಗಂಟಲು ಎರಡೂ ಕಡೆಯ ನೋವನ್ನು ಹೊರುತ್ತದೆ.

ಯೊಂಡು ಕೊಟ್ಟದ್ದೂ ಹಾಡು, ನಾನು ಕಳಿಸಿದ್ದೂ ಹಾಡು. ಆದರೆ ಅವನು ಮಾಡಬೇಕಾದ್ದನ್ನು ಮಾಡಿ ಮುಗಿಸಿದ್ದ, ಹಾಡಿನಿಂದ ಏನನ್ನೂ ಮುಚ್ಚಬೇಕಿರಲಿಲ್ಲ. ನಾನು ಮಾತಿನ ಜಾಗದಲ್ಲಿ ಹಾಡನ್ನಿಟ್ಟು ಓಡಿಹೋಗಿದ್ದೆ. ಅದನ್ನು ಕೇಳಿದವರು ಯಾವ ಕೋಣೆಯಲ್ಲಿ, ಎಷ್ಟು ಹೊತ್ತಿನಲ್ಲಿ ಕೂತು ಕೇಳಿದರೋ ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

ಕಳೆದ ತಿಂಗಳು ಅವರಿಗೆ ಒಂದು ಪತ್ರ ಬರೆದೆ. ಅದರಲ್ಲಿ ಕಾರಣವಿದೆ, ಹಾಡಿಲ್ಲ. ಉತ್ತರ ಇನ್ನೂ ಬಂದಿಲ್ಲ. ಬರಲೇಬೇಕು ಎನ್ನುವ ಹಕ್ಕೂ ನನಗಿಲ್ಲ.