ಇಂದಿನ ಧಮ್ಮ ಚಿಂತನೆ: ಎರಡು ಬಾಯಾರಿಕೆ



ಹಳೆಯ ಕೂಲ್ ಡ್ರಿಂಕ್ಸ್ ಜಾಹೀರಾತಿನ ತಗಡು ಬೋರ್ಡುಗಳನ್ನು ಕೂಡಿಡುವುದು ನನ್ನ ಹುಚ್ಚು. 1977ರಲ್ಲಿ ಕೋಕಾ-ಕೋಲಾ ದೇಶ ಬಿಟ್ಟ ಮೇಲೆ ಮೆರೆದ ಥಮ್ಸ್ ಅಪ್, ಗೋಲ್ಡ್ ಸ್ಪಾಟ್, ಲಿಮ್ಕಾ ಬೋರ್ಡುಗಳು ಗೋಡೆ ತುಂಬ ಇವೆ. ಕಳೆದ ವಾರ ಗುಜರಿಯಲ್ಲಿ ಇನ್ನೊಂದು ಗೋಲ್ಡ್ ಸ್ಪಾಟ್ ಬೋರ್ಡು ಕಂಡಿತು. ಮಗಳ ಫೀಸಿಗೆ ಇಟ್ಟಿದ್ದ ಹಣದಲ್ಲಿ ಕೊಂಡುಬಿಟ್ಟೆ.

ಅಪ್ಪ ಅದನ್ನು ನೋಡಿ ಅಂದರು: "ಇಂಥ ಬೋರ್ಡಿದ್ದ ಅಂಗಡೀಲಿ ನಮಗೆ ಬಾಟ್ಲಿ ಮುಟ್ಟಕ್ಕೆ ಬಿಡ್ತಿರಲಿಲ್ಲ ಕಣಪ್ಪ. ತೆಂಗಿನ ಚಿಪ್ಪಿಗೆ ಸುರೀತಿದ್ರು."

ಬುದ್ಧರು ದುಃಖಕ್ಕೆ ಮೂಲವೆಂದ 'ತಣ್ಹಾ' ಎಂಬ ಪಾಳಿ ಪದಕ್ಕೆ ಬಾಯಾರಿಕೆ ಎಂದೇ ಅರ್ಥ. ಆದರೆ ಅಪ್ಪನ ಬಾಯಾರಿಕೆ ತಣ್ಹಾ ಅಲ್ಲ, ಮಾನದ ಬಾಯಾರಿಕೆ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಯ ನೀರು ಕುಡಿದದ್ದು ಅದಕ್ಕಾಗಿಯೇ. ನನ್ನದು ಮಾತ್ರ ತಣ್ಹಾ. ಎಷ್ಟು ಬೋರ್ಡಿದ್ದರೂ ಮತ್ತೊಂದಕ್ಕೆ ಗಂಟಲು ಒಣಗುತ್ತದೆ.

ನಿನ್ನೆ ಹತ್ತು ಬೋರ್ಡು ಮಾರಿ ಫೀಸು ಕಟ್ಟಿದೆ. ಇದೊಂದನ್ನು ಉಳಿಸಿಕೊಂಡೆ, ಮಗಳಿಗೆ ತಾತನ ಕತೆ ಹೇಳಲು.

ಬಂಧುಗಳೇ, ಇಂದು ನಮ್ಮನ್ನೇ ಕೇಳಿಕೊಳ್ಳೋಣ: ನನ್ನ ಬಾಯಾರಿಕೆ ಯಾವುದು? ಹಕ್ಕಿನದಾದರೆ ಹೋರಾಡೋಣ. ಆಸೆಯದಾದರೆ ಬಿಡೋಣ.

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್ 🙏