ಇಂದಿನ ಧಮ್ಮ ಚಿಂತನೆ: ನನ್ನ ಸೈಕಲ್ಲು, ನನ್ನ ನಾಲಿಗೆ



ಹೋದ ವಾರದ ಅಧ್ಯಯನದಲ್ಲಿ ಒಬ್ಬ ತಾಯಿ ಕೇಳಿದರು: ‘ಯಾವುದಕ್ಕೂ ಅಂಟಿಕೊಳ್ಳಬೇಡಿ ಎನ್ನುತ್ತೀರಿ. ತಲೆಮಾರುಗಳಿಂದ ಏನೂ ಇಲ್ಲದಿದ್ದ ನಾವು ಈಗಷ್ಟೇ ಒಂದಿಷ್ಟು ಮಾಡಿಕೊಂಡಿದ್ದೇವೆ. ಅದನ್ನು ಪ್ರೀತಿಸಿದರೂ ತಪ್ಪೇ?’ ಅಂದು ನನಗೆ ಉತ್ತರ ಹೊಳೆಯಲಿಲ್ಲ. ಮೊನ್ನೆ ನನ್ನ ಸೈಕಲ್ಲೇ ಉತ್ತರ ಹೇಳಿತು.

ಎರಡು ವರ್ಷದ ಹಿಂದೆ, ಮಂಡಿನೋವಿನಿಂದ ಸೈಕಲ್ ತುಳಿಯುವುದು ಬಿಟ್ಟಿದ್ದ ಹಿರಿಯರೊಬ್ಬರಿಂದ 1,800 ರೂಪಾಯಿಗೆ ಅದನ್ನು ಕೊಂಡೆ. ಕಪ್ಪು ಬಣ್ಣ, ರಾಡ್ ಬ್ರೇಕು, 28 ಇಂಚಿನ ಗಾಲಿ. ಕಲಬುರಗಿಯಲ್ಲಿ ನನ್ನ ಮನೆಯಿಂದ ಕಚೇರಿಗೆ 6 ಕಿಲೋಮೀಟರು. ನಡುವೆ ರೈಲ್ವೆ ಮೇಲ್ಸೇತುವೆ. ಮೊದಲ ದಿನವೇ ಆ ಏರಿನಲ್ಲಿ ಇಳಿದು ತಳ್ಳಬೇಕಾಯಿತು.

ತಳ್ಳುವಾಗ ಅಪ್ಪ ನೆನಪಾದ. ಅಪ್ಪನಿಗೂ ಸೈಕಲ್ ಇತ್ತು. ಊರಿನ ಅಗಸಿ ಬಂದ ಕೂಡಲೇ ಇಳಿದು, ಗೌಡರ ಓಣಿ ದಾಟುವವರೆಗೆ ತಳ್ಳಿಕೊಂಡೇ ಹೋಗುತ್ತಿದ್ದ. ಅಲ್ಲಿ ಏರು ಇರಲಿಲ್ಲ. ನೆಲ ಸಪಾಟಾಗಿಯೇ ಇತ್ತು.

ನಾನು ತಳ್ಳಬಾರದು ಅನ್ನಿಸಿತು. ಸೈಕಲ್ ಅಂಗಡಿಯಲ್ಲಿ ಹಿಂದಿನ ಗಾಲಿಯ 18 ಹಲ್ಲಿನ ಫ್ರೀವೀಲ್ ತೆಗೆಸಿ 22 ಹಲ್ಲಿನದು ಹಾಕಿಸಿದೆ. ಪೆಡಲಿನ ಬಳಿಯ ಚಕ್ರಕ್ಕೆ 44 ಹಲ್ಲು. ಮೊದಲು ಪೆಡಲ್ ಒಂದು ಸುತ್ತು ತಿರುಗಿದರೆ ಸೈಕಲ್ ಸುಮಾರು ಐದೂವರೆ ಮೀಟರ್ ಹೋಗುತ್ತಿತ್ತು, ಈಗ ನಾಲ್ಕೂವರೆ. ವೇಗ ತುಸು ಕಡಿಮೆಯಾಯಿತು, ಕಾಲಿನ ಮೇಲಿನ ಭಾರವೂ ಕಡಿಮೆಯಾಯಿತು. ಚೈನು ಗಿಡ್ಡವಾಗಿದ್ದಕ್ಕೆ ಅಂಗಡಿಯವರು ಕೊಂಡಿ ಸೇರಿಸಿಕೊಟ್ಟರು. ಆಮೇಲೆ ಸ್ಪ್ರಿಂಗ್ ಸೀಟು, ಊಟದ ಡಬ್ಬಿಗೆ ಬುಟ್ಟಿ, ರಾತ್ರಿಗೆ ಡೈನಮೋ ದೀಪ, ಹಿಂದೆ ಕೆಂಪು ರಿಫ್ಲೆಕ್ಟರ್ ಬಂದವು. ಪ್ರತಿ ಭಾನುವಾರ ಚೈನಿಗೆ ಎಣ್ಣೆ ಬಿಟ್ಟು ಒರೆಸುತ್ತೇನೆ. ಇಂದು ಆ ಏರನ್ನು ಸೀಟಿನ ಮೇಲೆ ಕುಳಿತೇ ಹತ್ತುತ್ತೇನೆ. ಹತ್ತಿ ಮುಗಿದಾಗ ಆಗುವ ಸಂತೋಷ ನನ್ನೊಬ್ಬನದಲ್ಲ, ಅಪ್ಪನದೂ ಹೌದು.

ಈ ಸಂತೋಷ ತಪ್ಪೇ? ಧಮ್ಮ ಹಾಗೆ ಹೇಳುವುದಿಲ್ಲ. 1950ರಲ್ಲಿ ಮಹಾಬೋಧಿ ಪತ್ರಿಕೆಗೆ ಬರೆದ ಲೇಖನದಲ್ಲಿ ಬಾಬಾಸಾಹೇಬರು, ಧರ್ಮವಾದದ್ದು ಬಡತನವನ್ನು ಪವಿತ್ರವೆಂದು ಹೊಗಳಬಾರದು ಎಂದು ಸ್ಪಷ್ಟವಾಗಿ ತಿಳಿಸಿದ್ದಾರೆ. ಭಗವಾನ್ ಬುದ್ಧರೂ ಅನಾಥಪಿಂಡಿಕನಿಗೆ ಗೃಹಸ್ಥರ ನಾಲ್ಕು ಸುಖಗಳನ್ನು ಹೇಳಿದ್ದಾರೆ. ನ್ಯಾಯವಾಗಿ ದುಡಿದದ್ದು ತನ್ನಲ್ಲಿದೆ ಎಂಬ ಸುಖ, ಅದನ್ನು ಬಳಸುವ ಸುಖ, ಸಾಲವಿಲ್ಲದ ಸುಖ, ದೋಷವಿಲ್ಲದ ಸುಖ. ನನ್ನ ಸೈಕಲ್ಲನ್ನು ನೋಡಿ ನಾಲ್ಕೂ ಲೆಕ್ಕ ಸರಿಯಾಯಿತು ಎಂದುಕೊಂಡಿದ್ದೆ. ದುಡಿದ ಹಣ, ದಿನದ ಬಳಕೆ, ಕಂತು ಇಲ್ಲ, ಯಾರಿಗೂ ಮೋಸ ಮಾಡಿಲ್ಲ.

ಮೊನ್ನೆ ಸಂಜೆ ಅಂಗಳದಲ್ಲಿ ಸೈಕಲ್ ಕಾಣಲಿಲ್ಲ. ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯ ಹುಡುಗ ಅದನ್ನು ತಳ್ಳಿಕೊಂಡು ಬಂದ. ಸೀಟು ಎತ್ತರವಾಗಿ ಅವನ ಕಾಲು ನೆಲಕ್ಕೆ ಎಟುಕದೆ ಬಿದ್ದಿದ್ದ. ಮೊಣಕೈ ತರಚಿತ್ತು. ನಾನು ನೋಡಿದ್ದು ಮೊಣಕೈಯನ್ನಲ್ಲ, ಒಡೆದ ದೀಪವನ್ನು.

‘ಯಾರ್ನ ಕೇಳಿ ಮುಟ್ಟಿದಿ?’ ಎಂದು ಕೂಗಿದೆ.

‘ಅವ್ವಗ ಗುಳಗಿ ತರ್ಲಾಕ ಹೋಗಿದ್ದೆ ರೀ ಕಾಕಾ’ ಎಂದು ತಲೆ ತಗ್ಗಿಸಿ ನಿಂತ.

ಆಗ ನನ್ನ ಮಾತು ನನ್ನ ಕಿವಿಗೆ ಬಿತ್ತು. ಒಮ್ಮೆ ಗೌಡರ ಕಟ್ಟೆಗೆ ಸೈಕಲ್ ಒರಗಿಸಿದ್ದಕ್ಕೆ ಅಪ್ಪ ಕೇಳಿಸಿಕೊಂಡದ್ದು ಇದೇ ಮಾತನ್ನು. ಆಗ ನಾನು ಕ್ಯಾರಿಯರ್ ಮೇಲೆ ಕುಳಿತಿದ್ದೆ. ಅಪ್ಪನೂ ಹೀಗೇ ತಲೆ ತಗ್ಗಿಸಿದ್ದ.

ಕೇಳದೆ ಒಯ್ದದ್ದು ತಪ್ಪು, ಅದನ್ನು ಅವನಿಗೆ ಹೇಳಬೇಕಿತ್ತು ನಿಜ. ಆದರೆ ನಾನು ಹೇಳಿದ್ದು ಅದಲ್ಲ. ‘ಮುಟ್ಟಿದಿ’ ಎಂಬ ಪದವನ್ನು ಹುಡುಕಿಕೊಟ್ಟದ್ದು ‘ನನ್ನದು’ ಎಂಬ ಭಾವ. ಬುದ್ಧರು ನಾಲ್ಕನೆಯ ಸುಖದ ಬಗ್ಗೆ ಹೇಳುವಾಗ ಕಾಯ, ಮಾತು, ಮನಸ್ಸು ಮೂರರಲ್ಲೂ ದೋಷ ಇರಬಾರದು ಎಂದಿದ್ದಾರೆ. ಮೊದಲ ಮೂರು ಸುಖಗಳು ಈ ನಾಲ್ಕನೆಯದರ 16ರಲ್ಲಿ ಒಂದು ಪಾಲಿಗೂ ಸಮವಲ್ಲ ಎಂದಿದ್ದಾರೆ. ಮೂರನ್ನು ಜೋಪಾನ ಮಾಡಿಕೊಂಡು ಕುಳಿತು ನಾಲ್ಕನೆಯದನ್ನು ಒಂದೇ ಮಾತಿನಲ್ಲಿ ಕಳೆದುಕೊಂಡಿದ್ದೆ.

ಆ ತಾಯಿಗೆ ಈಗ ಉತ್ತರ ಹೇಳಬಲ್ಲೆ. ಅಮ್ಮ, ಪ್ರೀತಿಸುವುದು ತಪ್ಪಲ್ಲ. ಎಣ್ಣೆ ಬಿಡಿ, ಒರೆಸಿ, ನಿಮ್ಮ ಮೈಗೆ ಹೊಂದಿಸಿಕೊಳ್ಳಿ. ವಸ್ತು ಕೆಟ್ಟ ದಿನ ನಮ್ಮ ಬಾಯಿಂದ ಯಾರ ದನಿ ಹೊರಡುತ್ತದೆ ಎಂದಷ್ಟೇ ನೋಡಿಕೊಳ್ಳೋಣ. ನಮ್ಮನ್ನು ಕೆಳಗಿಳಿಸಿದವರ ದನಿ ಬಂದರೆ, ಅದೇ ಅಂಟು.

ಮರುದಿನ ಬೆಳಿಗ್ಗೆ ಅವರ ಮನೆಗೆ ಹೋಗಿ ಹುಡುಗನ ಕ್ಷಮೆ ಕೇಳಿದೆ. ಇನ್ನು ಮುಂದೆ ಹೇಳಿ ಒಯ್ಯಿ ಎಂದೆ. ಸೀಟಿನ ಕೆಳಗಿನ ಕೊಳವೆಗೆ ಬಿಳಿ ಬಣ್ಣದಲ್ಲಿ ಎರಡು ಗೆರೆ ಹಾಕಿದೆವು, ಒಂದು ನನ್ನ ಎತ್ತರಕ್ಕೆ, ಒಂದು ಅವನ ಎತ್ತರಕ್ಕೆ. ಬೋಲ್ಟ್ ಸಡಿಲಿಸುವ ಪಾನಾ ಈಗ ಬುಟ್ಟಿಯಲ್ಲೇ ಇರುತ್ತದೆ. ದೀಪ ಇನ್ನೂ ರಿಪೇರಿ ಆಗಬೇಕು.

ಇಂದು ಯೋಚಿಸೋಣ: ನಾವು ಕಷ್ಟಪಟ್ಟು ಮಾಡಿಕೊಂಡ ಯಾವ ವಸ್ತುವಿನ ವಿಷಯದಲ್ಲಿ ನಮ್ಮ ಮಾತು ಬೇಗ ಒರಟಾಗುತ್ತದೆ?

ಸಬ್ಬ ಮಂಗಲಂ. ಜೈ ಭೀಮ್.